ಸೆರೆಮನೆಯಲ್ಲಿ ಕೂಡಿದ ಪುರಸಭೆ

(ವಾಚನಾಲಯದ ಉಪನ್ಯಾಸಮಾಲೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಇಂಗ್ಲಂಡದ ಇತಿಹಾಸವೆಂದರೆ ಅರಸರ ಪಟ್ಟಾಭಿಷೇಕ, ಪಾರ್ಲಿಮೆಂಟಿನ ವಾದವಿವಾದ, ಸಮುದ್ರದ ಮೇಲಿನ ಯುದ್ಧ, ಇಷ್ಟೇ ಎಂದು ನಾವು ಶಾಲೆಯಲ್ಲಿ ಕಲಿತೆವು. ಆ ದೇಶದ ಒಂದು ಊರಿನ ಚರಂಡಿಯನ್ನು ಯಾರು ತೊಳೆಯಿಸಿದರು, ಬೀದಿಯ ದೀಪಕ್ಕೆ ಹಣವನ್ನು ಯಾರು ಕೊಟ್ಟರು, ಹಸಿದವನಿಗೆ ರೊಟ್ಟಿಯನ್ನು ಯಾರು ಹಾಕಿದರು ಎಂಬದನ್ನು ನಮಗೆ ಯಾರೂ ಹೇಳಲಿಲ್ಲ. ಸ್ವರಾಜ್ಯದ ಬೇರು ಇರುವದಾದರೂ ಅಲ್ಲಿಯೇ. ಆದುದರಿಂದ ಈ ಹೊತ್ತು ಲಂಡನ್ ಪಟ್ಟಣದ ಒಂದು ಬಡ ಪೇಟೆಯ ಪುರಸಭೆಯ ಕಥೆಯನ್ನು ತಮ್ಮ ಮುಂದೆ ಇಡಬೇಕೆಂದಿರುವೆನು.

ಆ ಪುರಸಭೆಯ ಹೆಸರು ಪಾಪ್ಲರ್. 1921ನೆಯ ಇಸವಿಯಲ್ಲಿ ಅದರ ಮೂವತ್ತು ಜನ ಸದಸ್ಯರು ನ್ಯಾಯಾಲಯದ ಅಪ್ಪಣೆಯನ್ನು ಪಾಲಿಸದೆ ತುರಂಗಕ್ಕೆ ಹೋದರು. ತುರಂಗದೊಳಗೇ ಸಭೆ ಕೂಡಿ ಊರಿನ ಕಾರಭಾರವನ್ನು ನಡೆಯಿಸಿದರು. ಆರು ವಾರಗಳ ತರುವಾಯ ತಲೆಬಾಗದೆ ಹೊರಗೆ ಬಂದರು. ಅವರು ಕೇಳಿದುದಾದರೂ ಏನು? ಹೆಚ್ಚಿನ ಅಧಿಕಾರವನ್ನಲ್ಲ, ದಾನವನ್ನೂ ಅಲ್ಲ. ಒಂದೇ ಪಟ್ಟಣದಲ್ಲಿರುವ ಬಡವರ ಭಾರವನ್ನು ಆ ಪಟ್ಟಣವೆಲ್ಲವೂ ಕೂಡಿ ಹೊರಲಿ ಎಂದು ಕೇಳಿದರು. ಈ ಕೇಳಿಕೆಯಲ್ಲಿ ಸ್ಥಳೀಯ ಸ್ವರಾಜ್ಯದ ತಿರುಳೆಲ್ಲವೂ ಅಡಗಿದೆಯೆಂದು ನನ್ನ ಭಾವನೆ.

ಲಂಡನ್ನಿನ ಪೂರ್ವಭಾಗದಲ್ಲಿ ಥೇಮ್ಸ್ ನದಿಯು ಕುದುರೆಯ ಲಾಳದಂತೆ ಬಾಗುವ ಕಡೆಗೆ ಪಾಪ್ಲರ್ ಇದೆ. ಹೆಸರು ನಮಗೆ ಹೊಸದಾದರೂ ಆ ನೆಲಕ್ಕೂ ನಮಗೂ ಹಳೆಯ ಋಣಾನುಬಂಧವುಂಟು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಿಗಾಗಿ ಕಟ್ಟಿದ ಈಸ್ಟ್ ಇಂಡಿಯಾ ಡಾಕು 1806ರಲ್ಲಿ ತೆರೆದುದು ಅಲ್ಲಿಯೇ. ನಮ್ಮ ಕಡೆಯ ಸಮುದ್ರಗಳನ್ನು ದಾಟಿ ಹೋದ ಸರಕು ಅಲ್ಲಿ ದಡಕ್ಕೆ ಇಳಿಯುತ್ತಿದ್ದಿತು. ಸರಕಿನ ಲಾಭ ಮಾತ್ರ ಅಲ್ಲಿ ನಿಲ್ಲಲಿಲ್ಲ. ಅದು ಪಶ್ಚಿಮ ಲಂಡನ್ನಿನ ಭವ್ಯ ಮಂದಿರಗಳಿಗೆ ಹೋಯಿತು. ಪಾಪ್ಲರಿನಲ್ಲಿ ಉಳಿದವರು ಮೂಟೆ ಹೊರುವ ಕೂಲಿಗಳು. ಅವರ ಕೆಲಸಕ್ಕೆ ಸ್ಥಿರತೆಯೆಂಬದಿರಲಿಲ್ಲ. ಬೆಳಗಿನಲ್ಲಿ ಡಾಕಿನ ಬಾಗಿಲಲ್ಲಿ ಗುಂಪುಗೂಡಿ ನಿಲ್ಲಬೇಕು; ಮೇಸ್ತ್ರಿಯು ಕರೆದವನಿಗೆ ಅಂದಿನ ಕೂಲಿ, ಕರೆಯದವನಿಗೆ ಅಂದಿನ ಉಪವಾಸ. 1921ರ ಸುಮಾರಿಗೆ ಅಲ್ಲಿ ಒಂದು ಲಕ್ಷ ಅರವತ್ತು ಸಾವಿರ ಜನರಿದ್ದರು, ಬಹುಪಾಲು ಇಂತಹರೇ.

ಇನ್ನೊಂದು ಸಂಗತಿಯನ್ನೂ ಜ್ಞಾಪಿಸಬೇಕು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದ ಮಹಾತ್ಮಾ ಗಾಂಧಿಯವರು ದೊಡ್ಡ ಹೋಟೆಲುಗಳನ್ನು ಬಿಟ್ಟು, ಬಡವರ ನಡುವೆ ಇರಬೇಕೆಂದು ಸುಮಾರು ಹನ್ನೆರಡು ವಾರ ಉಳಿದುಕೊಂಡುದು ಇದೇ ಪಾಪ್ಲರ್ ಪುರಸಭೆಯ ಸೀಮೆಯೊಳಗಿನ ಕಿಂಗ್ಸ್ಲೀ ಹಾಲ್ ಎಂಬ ಸೇವಾಮಂದಿರದಲ್ಲಿ. ಅವರನ್ನು ಅತಿಥಿಯಾಗಿ ಇರಿಸಿಕೊಂಡ ಮ್ಯೂರಿಯಲ್ ಲೆಸ್ಟರ್ ಎಂಬ ಸಾಧ್ವಿಯು ಅದಕ್ಕೆ ಮೊದಲಿನ ದಶಕದಲ್ಲಿ ಆ ಪುರಸಭೆಯ ಆಲ್ಡರ್‌ಮನ್ ಆಗಿ, ತಾಯಿಮಕ್ಕಳ ಆರೋಗ್ಯದ ಕೆಲಸವನ್ನು ನೋಡಿಕೊಂಡವರು.

ಈ ಪುರಸಭೆ ಹುಟ್ಟಿದ ಬಗೆಯನ್ನು ತಿಳಿಯದೆ ಮುಂದಿನ ಜಗಳವು ಅರ್ಥವಾಗದು. ಇಂಗ್ಲಂಡದಲ್ಲಿ ಮೊದಲಿಗೆ ಸ್ಥಳೀಯ ಆಡಳಿತದ ಘಟಕವು ಪ್ಯಾರಿಷ್, ಎಂದರೆ ಒಂದು ಇಗರ್ಜಿಗೆ ಸೇರಿದ ಹಳ್ಳಿ ಇಲ್ಲವೆ ಕೇರಿ. 1601ರಲ್ಲಿ ಎಲಿಝಬೆತ್ ರಾಣಿಯ ಕಾಲದ ಕಾಯಿದೆಯೊಂದು ಪ್ರತಿಯೊಂದು ಪ್ಯಾರಿಷು ತನ್ನ ಬಡವರನ್ನು ತಾನೇ ಸಾಕಬೇಕು, ಅದಕ್ಕಾಗಿ ಮನೆಮನೆಯ ಮೇಲೆ ಪಟ್ಟಿ ಹಾಕಬೇಕು ಎಂದು ವಿಧಿಸಿತು. ಆಗ ಅದು ನ್ಯಾಯವಾಗಿಯೇ ಇದ್ದಿತು. ಹಳ್ಳಿಯಲ್ಲಿ ಜಹಗೀರುದಾರನೂ ಕೂಲಿಯೂ ಒಂದೇ ಕೆರೆಯ ನೀರು ಕುಡಿದು ಒಂದೇ ಇಗರ್ಜಿಗೆ ಹೋಗುತ್ತಿದ್ದರು. ಉಳ್ಳವನು ಕೊಟ್ಟ ಹಣ ಇಲ್ಲದವನಿಗೆ ಸಲ್ಲುತ್ತಿತ್ತು.

1834ರಲ್ಲಿ ಪ್ಯಾರಿಷುಗಳನ್ನು ಕೂಡಿಸಿ ಯೂನಿಯನ್ನುಗಳನ್ನು ಮಾಡಿ, ಬಡವರ ಪೋಷಣೆಯನ್ನು ಚುನಾಯಿತರಾದ ಗಾರ್ಡಿಯನ್ನರ ಮಂಡಲಿಗಳಿಗೆ ಒಪ್ಪಿಸಿದರು. ನೆರವು ಬೇಕಾದವನು ವರ್ಕ್‌ಹೌಸ್ ಎಂಬ ಮನೆಯೊಳಗೆ ಬಂದು ಸೇರಬೇಕು. ಅಲ್ಲಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಲಂಡನ್ನಿನ ಬೀದಿ ಚರಂಡಿಗಳ ಆಡಳಿತಕ್ಕೆ 1855ರಲ್ಲಿ ಬೇರೊಂದು ಕಾಯಿದೆ ಬಂದಿತು. ಇಡೀ ಪಟ್ಟಣಕ್ಕೆ ಚುನಾಯಿತವಾದ ಲಂಡನ್ ಕೌಂಟಿ ಕೌನ್ಸಿಲ್ ಸ್ಥಾಪಿತವಾದುದು 1889ರಲ್ಲಿ. ಅದರ ಕೆಳಗೆ 1899ರ ಕಾಯಿದೆಯಂತೆ 28 ಬರೋಗಳು, ಎಂದರೆ 28 ಪುರಸಭೆಗಳು, 1900ರಲ್ಲಿ ಕೆಲಸಕ್ಕೆ ತೊಡಗಿದುವು. ಬೋ, ಬ್ರಾಮ್ಲೀ, ಪಾಪ್ಲರ್ ಎಂಬ ಮೂರು ಹಳೆಯ ಪ್ಯಾರಿಷುಗಳು ಸೇರಿ ಪಾಪ್ಲರ್ ಬರೋ ಆಯಿತು.

ಅದರ ರಚನೆಯು ನಮ್ಮ ಮುನ್ಸಿಪಾಲಿಟಿಗಳನ್ನು ಬಲ್ಲವರಿಗೆ ಅಪರಿಚಿತವಲ್ಲ. ಮೂರು ವರ್ಷಕ್ಕೊಮ್ಮೆ ಮತದಾರರು ಆರಿಸುವ 42 ಜನ ಕೌನ್ಸಿಲರರು; ಅವರು ಆರು ವರ್ಷಕ್ಕೆ ಆರಿಸುವ ಆಲ್ಡರ್‌ಮನ್ನರು; ಇವರೆಲ್ಲರೂ ಕೂಡಿ ಒಂದು ವರ್ಷಕ್ಕೆ ಆರಿಸುವ ಮೇಯರು. ಹಣಕಾಸು, ಆರೋಗ್ಯ, ರಸ್ತೆ, ವಸತಿ ಮುಂತಾದವುಗಳಿಗೆ ಒಂದೊಂದು ಕಮಿಟಿ. ಕಾಗದಪತ್ರ ಕಾನೂನುಗಳಿಗೆ ಟೌನ್ ಕ್ಲಾರ್ಕ್ ಎಂಬ ಸಂಬಳದ ಅಧಿಕಾರಿ. ಲೆಕ್ಕಪತ್ರಗಳನ್ನು ಸರಕಾರದ ಆಡಿಟರು ನೋಡುವನು. ಕಾನೂನಿಗೆ ವಿರುದ್ಧವಾದ ವೆಚ್ಚ ಕಂಡರೆ ಆ ಹಣವನ್ನು ಸದಸ್ಯರ ಸ್ವಂತ ಆಸ್ತಿಯಿಂದ ವಸೂಲು ಮಾಡಲು ಆಜ್ಞೆ ಕೊಡುವ ಅಧಿಕಾರವೂ ಅವನಿಗಿತ್ತು. ಈ ಆಡಿಟರನನ್ನು ನೆನಪಿನಲ್ಲಿಡಿರಿ. ಕಥೆಯ ಕೊನೆಯಲ್ಲಿ ಅವನು ಮತ್ತೆ ಬರುವನು.

ಪುರಸಭೆಯ ಮುಖ್ಯ ಆದಾಯವು ಮನೆಪಟ್ಟಿ. ಮನೆಯ ಬಾಡಿಗೆಯ ಬೆಲೆಯನ್ನು ಗೊತ್ತುಮಾಡಿ, ಪೌಂಡಿಗೆ ಇಷ್ಟು ಪೆನ್ನಿ ಎಂದು ಎತ್ತುತ್ತಿದ್ದರು. ದೋಷವು ಇಲ್ಲಿಯೇ ಇತ್ತು. ಪೌಂಡಿಗೆ ಒಂದು ಪೆನ್ನಿಯ ಪಟ್ಟಿ ಹಾಕಿದರೆ ಶ್ರೀಮಂತರ ವೆಸ್ಟ್‌ಮಿನ್‌ಸ್ಟರಿನಲ್ಲಿ 31,000 ಪೌಂಡಿಗಿಂತ ಹೆಚ್ಚು ಹಣ ಕೂಡುತ್ತಿತ್ತು. ಪಾಪ್ಲರಿನಲ್ಲಿ ಕೂಡುತ್ತಿದ್ದುದು ಸುಮಾರು 3,600 ಪೌಂಡು. ವೆಸ್ಟ್‌ಮಿನ್‌ಸ್ಟರಿನಲ್ಲಿ ಅನ್ನಕ್ಕಾಗಿ ಕೈನೀಡುವವರು ವಿರಳ; ಪಾಪ್ಲರಿನಲ್ಲಿ ಕೇರಿಕೇರಿಗೂ ಅವರೇ. ಹೀಗೆ ಭಾರ ಹೆಚ್ಚಿದ್ದಲ್ಲಿ ಬಲ ಕಡಿಮೆ, ಬಲ ಹೆಚ್ಚಿದ್ದಲ್ಲಿ ಭಾರವೇ ಇಲ್ಲ. ಹಳ್ಳಿಗೆ ಸರಿಯಾಗಿದ್ದ 1601ರ ನ್ಯಾಯವು, ಉಳ್ಳವರು ಒಂದು ಕಡೆಗೂ ಇಲ್ಲದವರು ಮತ್ತೊಂದು ಕಡೆಗೂ ಬೇರೆಯಾಗಿ ನೆಲಸಿದ ಮಹಾನಗರದಲ್ಲಿ ಅನ್ಯಾಯವಾಗಿ ಪರಿಣಮಿಸಿತು. ಬಡವನ ಪೋಷಣೆಯ ಹಣವನ್ನು ಅವನ ನೆರೆಮನೆಯ ಬಡವನೇ ಕೊಡಬೇಕಾಯಿತು.

ಇದಕ್ಕೆ ಪರಿಹಾರವನ್ನು ಯಾರೂ ಯೋಚಿಸಿರಲಿಲ್ಲವೆಂದಲ್ಲ. 1867ರಲ್ಲಿಯೇ ಲಂಡನ್ನಿಗೆಲ್ಲ ಒಂದು ಸಾಮಾನ್ಯ ನಿಧಿಯನ್ನು ಏರ್ಪಡಿಸಿದ್ದರು. ಆದರೆ ಆ ನಿಧಿಯಿಂದ ಸಹಾಯ ಸಿಗುತ್ತಿದ್ದುದು ವರ್ಕ್‌ಹೌಸಿನೊಳಗೆ ಸೇರಿದವರ ವೆಚ್ಚಕ್ಕೆ ಮಾತ್ರ. ತನ್ನ ಮನೆಯಲ್ಲಿಯೇ ಇದ್ದು, ಕೆಲಸ ಸಿಗುವವರೆಗೆ ಮಕ್ಕಳಿಗೆ ರೊಟ್ಟಿ ಕೇಳುವವನ ವೆಚ್ಚವೆಲ್ಲ ಆಯಾ ಊರಿನ ಮೇಲೆಯೇ. ಎಂದರೆ, ಒಂದು ಕುಟುಂಬವನ್ನು ಮುರಿದು ವರ್ಕ್‌ಹೌಸಿಗೆ ನೂಕಿದರೆ ಪಟ್ಟಣವೆಲ್ಲ ಕೈಗೂಡಿಸುವದು. ಅದೇ ಕುಟುಂಬವನ್ನು ಮಾನದಿಂದ ಮನೆಯಲ್ಲಿ ಉಳಿಸಿದರೆ ಪಾಪ್ಲರ್ ಒಂದೇ ಅದರ ದಂಡವನ್ನು ತೆರಬೇಕು! ಕಾಯಿದೆಯ ಕ್ರೌರ್ಯವು ಅನೇಕ ಸಲ ಇಂತಹ ಲೆಕ್ಕದ ಕಲಮುಗಳಲ್ಲಿಯೇ ಅಡಗಿರುವದು.

1919ರ ನವೆಂಬರದಲ್ಲಿ ಚುನಾವಣೆಯಾಯಿತು. 42 ಸ್ಥಾನಗಳಲ್ಲಿ 39ನ್ನು ಮಜೂರ ಪಕ್ಷದವರು ಗೆದ್ದರು. ರೈಲ್ವೆ ನೌಕರರು, ಡಾಕಿನ ಕೂಲಿಗಳು, ಇಂತಹ ದುಡಿಯುವ ಜನರೇ ಪುರಸಭೆಯ ಆಸನಗಳಲ್ಲಿ ಬಂದು ಕುಳಿತರು. ಮೇಯರರಾದವರು ಜಾರ್ಜ್ ಲ್ಯಾನ್ಸ್‌ಬರಿ. ಇವರು 1893ರಿಂದಲೂ ಬಡವರ ಗಾರ್ಡಿಯನ್ನರಾಗಿ ಸೇವೆ ಮಾಡಿದವರು. ಸ್ತ್ರೀಯರಿಗೆ ಮತಾಧಿಕಾರ ಬೇಕೆಂದು 1912ರಲ್ಲಿ ತಮ್ಮ ಪಾರ್ಲಿಮೆಂಟಿನ ಸ್ಥಾನವನ್ನೇ ಬಿಟ್ಟುಕೊಟ್ಟವರು. 1925ರಲ್ಲಿ ಹಿಂದುಸ್ತಾನಕ್ಕೆ ಸ್ವಯಮಾಡಳಿತ ಕೊಡಬೇಕೆಂಬ ಮಸೂದೆಯನ್ನು ಕಾಮನ್ಸ್ ಸಭೆಯಲ್ಲಿ ಮಂಡಿಸಿದವರೂ ಇವರೇ. ಹೊಸ ಪುರಸಭೆಯು ಮನೆಗಳನ್ನು ಕಟ್ಟಿಸತೊಡಗಿತು. ಬಾಣಂತಿಯರ ಮತ್ತು ಹಸುಗೂಸುಗಳ ಆರೈಕೆಗೆ ಹಣವಿಟ್ಟಿತು. ತನ್ನ ಕೂಲಿಕಾರರಿಗೆ ವಾರಕ್ಕೆ 4 ಪೌಂಡಿಗೆ ಕಡಿಮೆಯಿಲ್ಲದ ವೇತನವನ್ನು ಗೊತ್ತುಮಾಡಿತು. ಆ ವೇತನವು ಗಂಡಸಿಗೂ ಹೆಂಗಸಿಗೂ ಸಮಾನ.

ಅಷ್ಟರಲ್ಲಿ ಮಹಾಯುದ್ಧದ ತರುವಾಯದ ವ್ಯಾಪಾರದ ಕುಸಿತವು ಬಂದಿತು. 1920ರ ಕೊನೆಯಿಂದ ಡಾಕುಗಳಲ್ಲಿ ಕೆಲಸವಿಲ್ಲ, ಕಾರಖಾನೆಗಳಲ್ಲಿ ಕೆಲಸವಿಲ್ಲ. ಬಡವರ ನೆರವಿನ ವೆಚ್ಚವು ಏರಿತು. ಆ ವೆಚ್ಚಕ್ಕೆ ಪಟ್ಟಿ ಕೊಡಬೇಕಾದವರೂ ಕೆಲಸ ಕಳೆದುಕೊಂಡವರೇ. ಇದರ ಮೇಲೆ ಇನ್ನೊಂದು ಹೊರೆ ಇದ್ದಿತು. ಲಂಡನ್ ಕೌಂಟಿ ಕೌನ್ಸಿಲ್, ಪೋಲೀಸು, ನೀರಿನ ಮಂಡಲಿ, ಆಸ್ಪತ್ರೆಗಳನ್ನು ನಡೆಯಿಸುವ ಮಂಡಲಿ ಈ ನಾಲ್ಕು ಸಂಸ್ಥೆಗಳಿಗಾಗಿ ಬೇಕಾದ ಹಣವನ್ನೂ ಪುರಸಭೆಯೇ ತನ್ನ ಜನರಿಂದ ಎತ್ತಿ ಒಪ್ಪಿಸಬೇಕು. ಪುರಸಭೆಯ ಮುಂದೆ ಎರಡೇ ದಾರಿಗಳಿದ್ದವು: ಬಾಡಿಗೆಯನ್ನೇ ಕೊಡಲಾರದವರ ಮೇಲೆ ಪಟ್ಟಿಯನ್ನು ಇನ್ನಷ್ಟು ಏರಿಸುವದು, ಇಲ್ಲವೆ ಹಸಿದವರ ರೊಟ್ಟಿಯನ್ನು ಕಡಿಯುವದು.

ಪುರಸಭೆಯು ಮೂರನೆಯ ದಾರಿಯನ್ನು ಹಿಡಿಯಿತು. 1921ರ ಮಾರ್ಚಿಯಲ್ಲಿ ಅದು ತನ್ನ ಸ್ವಂತ ವೆಚ್ಚಕ್ಕೂ ಬಡವರ ಪೋಷಣೆಗೂ ಬೇಕಾದಷ್ಟು ಪಟ್ಟಿಯನ್ನು ಹಾಕಿ, ಮೇಲಿನ ನಾಲ್ಕು ಸಂಸ್ಥೆಗಳ ಪಾಲನ್ನು ಎತ್ತುವದಿಲ್ಲವೆಂದು ಬಹಿರಂಗವಾಗಿ ಠರಾವು ಮಾಡಿತು. ಲಂಡನ್ನಿನ ಬರೋಗಳಲ್ಲೆಲ್ಲ ಬಡವರ ವೆಚ್ಚವನ್ನು ಸಮವಾಗಿ ಹಂಚುವವರೆಗೆ ನಾವು ಶ್ರೀಮಂತ ಪಟ್ಟಣದ ವೆಚ್ಚಕ್ಕೆ ಬಡವರಿಂದ ಕಾಸು ಕೀಳಲಾರೆವು ಎಂಬದು ಅವರ ನಿಲವು. ಗಮನಿಸಬೇಕು: ಅವರು ಪಟ್ಟಿಯನ್ನೇ ಹಾಕದೆ ಊರನ್ನು ಹಾಳುಗೆಡವಲಿಲ್ಲ, ಹಣವನ್ನು ಎತ್ತಿ ಗುಪ್ತವಾಗಿ ಬೇರೆ ಕಡೆಗೆ ತಿರುಗಿಸಲಿಲ್ಲ. ಎಷ್ಟನ್ನು ಮಾಡುವೆವು, ಎಷ್ಟನ್ನು ಮಾಡೆವು, ಏಕೆ ಮಾಡೆವು ಎಂಬದನ್ನು ಮೊದಲೇ ಸಾರಿದರು.

ಕೌಂಟಿ ಕೌನ್ಸಿಲ್ಲು ಮತ್ತು ಆಸ್ಪತ್ರೆಗಳ ಮಂಡಲಿ ಹೈಕೋರ್ಟಿಗೆ ಹೋಗಿ ಮ್ಯಾಂಡೇಮಸ್ ಆಜ್ಞೆಯನ್ನು ಬೇಡಿದವು. ಎಂದರೆ ನಿನಗೆ ಕಾಯಿದೆಯು ವಿಧಿಸಿದ ಕರ್ತವ್ಯವನ್ನು ಮಾಡು ಎಂದು ನ್ಯಾಯಾಸನವು ಕೊಡುವ ಕಟ್ಟಪ್ಪಣೆ. 1921ರ ಜುಲೈ 29ರಂದು ವಿಚಾರಣೆ. ಅಂದು ಪಾಪ್ಲರಿನ ಸದಸ್ಯರು ಗಾಡಿಗಳನ್ನು ಹತ್ತಿ ಹೋಗಲಿಲ್ಲ. ಮುಂದೆ ವಾದ್ಯ, ಅದರ ಹಿಂದೆ ಅಧಿಕಾರದಂಡವನ್ನು ಹಿಡಿದ ಚೋಪದಾರ, ಕೊರಳಲ್ಲಿ ಅಧಿಕಾರದ ಸರವನ್ನು ಧರಿಸಿದ ಅಂದಿನ ಮೇಯರು ಸ್ಯಾಮ್ ಮಾರ್ಚ್, ಅವರ ಹಿಂದೆ ಸದಸ್ಯರು ಮತ್ತು ಸಾವಿರಾರು ಜನರು, ಹೀಗೆ ಮೈಲುಗಟ್ಟಲೆ ದಾರಿಯನ್ನು ನಡೆದೇ ಹೈಕೋರ್ಟನ್ನು ಮುಟ್ಟಿದರು. ಬಡ ಬರೋಗಳಿಗೆ ಸಮಾನ ಪಟ್ಟಿ ದೊರಕಿಸಲು ನ್ಯಾಯಾಲಯಕ್ಕೂ, ಬಂದರೆ ಸೆರೆಮನೆಗೂ, ಹೊರಟಿರುವೆವೆಂದು ಅವರ ಪತಾಕೆಯ ಮೇಲೆ ಬರೆದಿದ್ದಿತು.

ನ್ಯಾಯಾಧೀಶರು ಆಜ್ಞೆಯನ್ನು ಕೊಟ್ಟರು. ಕಾಯಿದೆಯ ಅಕ್ಷರವನ್ನು ನೋಡಿದರೆ ಬೇರೆ ತೀರ್ಪು ಸಾಧ್ಯವಿರಲಿಲ್ಲವೆಂದು ವಕೀಲನಾಗಿ ನಾನು ಒಪ್ಪಲೇಬೇಕು. ಅಪೀಲೂ ಬಿದ್ದುಹೋಯಿತು. ಆಜ್ಞೆಯನ್ನು ಪಾಲಿಸದೆ ಇದ್ದುದಕ್ಕೆ ನ್ಯಾಯಾಲಯದ ನಿಂದೆಯ ಅಪರಾಧವನ್ನು ಹೊರಿಸಿ ಸೆಪ್ಟಂಬರದ ಮೊದಲಲ್ಲಿ ಮೂವತ್ತು ಜನರನ್ನು ಹಿಡಿದರು; ಗಂಡಸರನ್ನು ಬ್ರಿಕ್ಸ್ಟನ್ ತುರಂಗಕ್ಕೂ ಹೆಂಗಸರನ್ನು ಹಾಲೋವೇ ತುರಂಗಕ್ಕೂ ಒಯ್ದರು. ಶಿಕ್ಷೆಗೆ ಅವಧಿಯಿರಲಿಲ್ಲ. ಪಟ್ಟಿ ಹಾಕುವೆವೆಂದು ಒಪ್ಪಿದ ದಿನ ಬಿಡುಗಡೆ. ಒಪ್ಪದಿದ್ದರೆ ಎಷ್ಟು ದಿನವೋ ಯಾರು ಬಲ್ಲರು? ಬಾಗಿಲ ಬೀಗದ ಕೈ ತಮ್ಮ ಕೈಯಲ್ಲಿಯೇ ಇದ್ದರೂ ಅವರು ಅದನ್ನು ತಿರುವಲಿಲ್ಲ. ನೆಲ್ಲೀ ಕ್ರೆಸಾಲ್ ಎಂಬ ಗರ್ಭಿಣಿಯೂ ಅವರಲ್ಲಿ ಒಬ್ಬಳು. ಜನರ ಕೂಗಿಗೆ ಅಂಜಿ ಅಧಿಕಾರಿಗಳು ಆಕೆಯನ್ನು ಮೊದಲೇ ಬಿಟ್ಟುಬಿಡಬೇಕಾಯಿತು. ಇದೇ ಹೆಣ್ಣುಮಗಳು 1943ರಲ್ಲಿ ಪಾಪ್ಲರಿನ ಮೇಯರಾದಳು.

ಈಗ ಸರಕಾರಕ್ಕೆ ಹೊಸದೊಂದು ಪೇಚು. ಪುರಸಭೆಯೇ ತುರಂಗದಲ್ಲಿ ಇರುವಾಗ ಊರಿನ ಕೆಲಸವನ್ನು ಮಾಡುವವರಾರು? ಸದಸ್ಯರು ತಮ್ಮ ಸಭೆಯನ್ನು ತುರಂಗದಲ್ಲಿಯೇ ಕೂಡಿಸಲು ಅನುಮತಿ ಬೇಡಿದರು; ಕೊಡದೆ ಗತಿಯಿರಲಿಲ್ಲ. ಹಾಲೋವೇಯಿಂದ ಸ್ತ್ರೀಸದಸ್ಯರನ್ನು ಗಾಡಿಯಲ್ಲಿ ಕರೆತಂದು ಬ್ರಿಕ್ಸ್ಟನ್ನಿನಲ್ಲಿ ಸಭೆ ನಡೆಯಿಸಿದರು. ಹೊರಗೆ ಪ್ರತಿ ಸಂಜೆ ಜನರು ಗೋಡೆಯ ಹತ್ತಿರ ನೆರೆದು ಹಾಡುತ್ತಿದ್ದರು. ಲ್ಯಾನ್ಸ್‌ಬರಿಯವರು ಕಂಬಿಗಳ ಮಧ್ಯದಿಂದ ಅವರಿಗೆ ಭಾಷಣ ಮಾಡುತ್ತಿದ್ದರು. ನೆರೆಯ ಸ್ಟೆಪ್ನಿ ಮತ್ತು ಬೆತ್ನಲ್ ಗ್ರೀನ್ ಪುರಸಭೆಗಳು ತಾವೂ ಪಟ್ಟಿಯನ್ನು ಎತ್ತುವದಿಲ್ಲವೆಂದು ಠರಾವು ಮಾಡಿದವು. ಸ್ಟೆಪ್ನಿಯ ಆ ಪಕ್ಷದಲ್ಲಿ ಕ್ಲೆಮೆಂಟ್ ಆಟ್ಲೀಯವರೂ ಇದ್ದರು. 1947ರಲ್ಲಿ ನಮ್ಮ ದೇಶದ ಸ್ವಾತಂತ್ರ್ಯದ ಕಾಯಿದೆಯು ಪಾಸಾದಾಗ ಇಂಗ್ಲಂಡದ ಪ್ರಧಾನಮಂತ್ರಿಗಳಾಗಿದ್ದವರು ಅವರೇ.

ಒಂದು ಪಾಪ್ಲರನ್ನು ತುರಂಗಕ್ಕೆ ಕಳಿಸಬಹುದು; ಪೂರ್ವ ಲಂಡನ್ನನ್ನೆಲ್ಲ ಕಳಿಸಲು ತುರಂಗಗಳು ಸಾಲುವವೆ? ಅಕ್ಟೋಬರ 12ರಂದು ನ್ಯಾಯಾಲಯವು ಅವರನ್ನು ಬಿಡುಗಡೆ ಮಾಡಿತು. ಪಟ್ಟಿ ಹಾಕುವೆವೆಂಬ ಮಾತನ್ನು ಅವರಿಂದ ಪಡೆಯದೆಯೇ ಬಿಟ್ಟಿತು. ಕೂಡಲೇ ಬರೋಗಳ ಪ್ರತಿನಿಧಿಗಳ ಪರಿಷತ್ತು ನೆರೆಯಿತು; ನವೆಂಬರದಲ್ಲಿ ಪಾರ್ಲಿಮೆಂಟು ಸ್ಥಳೀಯ ಸಂಸ್ಥೆಗಳ ಹಣಕಾಸಿನ ಕಾಯಿದೆಯನ್ನು ಪಾಸುಮಾಡಿತು. ಮನೆಯಲ್ಲಿಯೇ ಇರುವ ಬಡವರಿಗೆ ಕೊಡುವ ನೆರವಿನ ವೆಚ್ಚವೂ ಇನ್ನು ಮೇಲೆ ಲಂಡನ್ನಿನ ಸಾಮಾನ್ಯ ನಿಧಿಯಿಂದ ಸಲ್ಲತಕ್ಕದ್ದು ಎಂದಾಯಿತು. ಶ್ರೀಮಂತ ಬರೋಗಳ ಹಣವು ಬಡ ಬರೋಗಳ ಕಡೆಗೆ ಹರಿಯತೊಡಗಿತು. ಬಡವನ ಸಿಟ್ಟು ದವಡೆಗೆ ಮೂಲ ಎಂದು ನಮ್ಮ ಗಾದೆ. ಕೂಡಿ ನಿಂತ ಬಡವರ ಸಿಟ್ಟು ಕಾಯಿದೆಯನ್ನು ತಿದ್ದಿತು.

ಬೆಲೆಯನ್ನು ತೆರದೆ ಈ ಜಯವು ದೊರೆಯಲಿಲ್ಲ. ಲ್ಯಾನ್ಸ್‌ಬರಿಯವರ ಸೊಸೆ ಮಿನೀ ಲ್ಯಾನ್ಸ್‌ಬರಿಯು ಮೊದಲು ಶಾಲೆಯ ಉಪಾಧ್ಯಾಯಿನಿ. ತರುವಾಯ ಪುರಸಭೆಯ ಆಲ್ಡರ್‌ಮನ್. ಆಕೆಯೂ ಸೆರೆವಾಸವನ್ನು ಅನುಭವಿಸಿದಳು. ಹೊರಗೆ ಬಂದು ಮೂರು ತಿಂಗಳು ತುಂಬುವ ಮೊದಲೇ, 1922ರ ಜನವರಿ 1ರಂದು, ನ್ಯುಮೋನಿಯದಿಂದ ತೀರಿಕೊಂಡಳು. ಆಗ ಆಕೆಯ ವಯಸ್ಸು ಮೂವತ್ತೆರಡು. ಇಲ್ಲಿ ಕುಳಿತಿರುವ ಉಪಾಧ್ಯಾಯರು ಆ ಹೆಸರನ್ನು ತಮ್ಮ ವಿದ್ಯಾರ್ಥಿಗಳಿಗೆ ಒಮ್ಮೆಯಾದರೂ ಹೇಳಬೇಕೆಂದು ನಾನು ಬೇಡಿಕೊಳ್ಳುವೆನು.

ಈಗ ಎದುರುಪಕ್ಷದ ಮಾತನ್ನೂ ಕೇಳೋಣ. ಪಾಪ್ಲರಿನ ಮಾರ್ಗವನ್ನು ವಿರೋಧಿಸಿದವರು ಶ್ರೀಮಂತರು ಮಾತ್ರವಲ್ಲ. ಹ್ಯಾಕ್ನೀ ಬರೋದ ಅಂದಿನ ಮೇಯರು ಹರ್ಬರ್ಟ್ ಮಾರಿಸನ್ ಅದೇ ಮಜೂರ ಪಕ್ಷದವರು; ಅವರೂ ಒಪ್ಪಲಿಲ್ಲ. ಇಂದು ನಾವು ಕಾಯಿದೆಯನ್ನು ಮುರಿದರೆ ನಾಳೆ ನಾವು ಅಧಿಕಾರಕ್ಕೆ ಬಂದಾಗ ನಮ್ಮ ಕಾಯಿದೆಯನ್ನು ಇನ್ನೊಬ್ಬರು ಮುರಿಯುವರು; ಕಾಯಿದೆಯಿಂದಲೇ ಹುಟ್ಟಿದ ಪುರಸಭೆಯು ಕಾಯಿದೆಯನ್ನು ಮೀರುವದು ಕುಳಿತ ಕೊಂಬೆಯನ್ನು ಕಡಿದಂತೆ, ಎಂಬ ಈ ವಾದವನ್ನು ನಾನು ಹಗುರಾಗಿ ಎಣಿಸಲಾರೆ. ವಕೀಲಿಯ ಅನ್ನವನ್ನು ಉಣ್ಣುವವನು ಹಾಗೆ ಎಣಿಸಲೂ ಕೂಡದು.

ಆದರೆ ಕಾಯಿದೆಯನ್ನು ಮುರಿಯುವದರಲ್ಲಿಯೂ ಎರಡು ಬಗೆಗಳುಂಟು. ತನ್ನ ಲಾಭಕ್ಕಾಗಿ ಕತ್ತಲೆಯಲ್ಲಿ ಮುರಿದು, ಸಿಕ್ಕಾಗ ಅಲ್ಲಗಳೆಯುವದು ಒಂದು ಬಗೆ, ಅದು ಕಳ್ಳತನ. ಇತರರ ಹಿತಕ್ಕಾಗಿ ಹಗಲಿನಲ್ಲಿ ಹೇಳಿ ಮುರಿದು, ಅದರ ಶಿಕ್ಷೆಗೆ ತಾನೇ ಮೈಯೊಡ್ಡುವದು ಇನ್ನೊಂದು ಬಗೆ. ಅದರ ಹೆಸರು ಸತ್ಯಾಗ್ರಹ. ಅದನ್ನು ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಮೇಲಾಗಿ ಪಾಪ್ಲರಿನವರು ಕೇಳಿದುದು ಅಸ್ಪಷ್ಟವಾದ ದೊಡ್ಡ ಮಾತನ್ನಲ್ಲ. ಇಂತಹ ವೆಚ್ಚವನ್ನು ಇಂತಹ ನಿಧಿಗೆ ಹಾಕಿರಿ ಎಂದು ಒಂದು ಸಾಲಿನಲ್ಲಿ ಬರೆಯಬಹುದಾದ ಬೇಡಿಕೆ. ಗೆದ್ದುದಕ್ಕೆ ಇದೂ ಒಂದು ಕಾರಣ.

ಎಲ್ಲ ಕಡೆಯಲ್ಲಿಯೂ ಅವರು ಗೆದ್ದರೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಮೊದಲೇ ಹೇಳಿದ ಆಡಿಟರನು ಈಗ ಬರುವನು. ಬೆಲೆಗಳು ಇಳಿದ ಮೇಲೆಯೂ ಪುರಸಭೆಯು ವಾರಕ್ಕೆ 4 ಪೌಂಡಿನ ವೇತನವನ್ನು ಇಳಿಸಲಿಲ್ಲ. ಇದು ವೇತನವಲ್ಲ, ದಾನ ಎಂದು ಹೇಳಿ ಆಡಿಟರನು 5,000 ಪೌಂಡುಗಳನ್ನು ಸದಸ್ಯರ ಮೇಲೆ ಹೊರಿಸಿದನು. 1855ರ ಕಾಯಿದೆಯು ಪುರಸಭೆಗೆ ಯೋಗ್ಯವೆಂದು ತೋರಿದ ವೇತನವನ್ನು ಕೊಡಬಹುದೆಂದು ಹೇಳಿದ್ದಿತು. ಅಪೀಲು ಕೋರ್ಟು ಸದಸ್ಯರ ಕಡೆಗೆ ತೀರ್ಪು ಕೊಟ್ಟರೂ, 1925ರಲ್ಲಿ ಲಾರ್ಡ್ಸ್ ಸಭೆಯ ನ್ಯಾಯಾಧೀಶರು ಅದನ್ನು ತಿರುಗಿಸಿದರು. ಯೋಗ್ಯವೆಂದು ತೋರುವದಕ್ಕೂ ವಿವೇಕದ ಮೇರೆ ಇರಬೇಕು. ಪುರಸಭೆಯು ಪಟ್ಟಿ ಕೊಡುವವರ ಹಣಕ್ಕೆ ವಿಶ್ವಸ್ತನಿದ್ದಂತೆ. ಹೆಂಗಸಿಗೆ ಗಂಡಸಿನಷ್ಟೇ ಕೂಲಿ ಕೊಡುವದು ಆ ಮೇರೆಯನ್ನು ಮೀರಿದ ಭಾವುಕತೆ ಎಂಬದು ಅವರ ಅಭಿಪ್ರಾಯ. ರಾಬರ್ಟ್ಸ್ ವಿರುದ್ಧ ಹಾಪ್‌ವುಡ್ ಎಂಬ ಈ ಮೊಕದ್ದಮೆಯನ್ನು ಕಾಯಿದೆಯ ವಿದ್ಯಾರ್ಥಿಗಳು ಈಗಲೂ ಓದುವರು. ಕೊಡುವವರ ಹಣಕ್ಕೆ ಪುರಸಭೆಯು ಉತ್ತರವಾದಿಯೆಂಬದು ಸರಿಯಾದ ಮಾತು. ಸಮಾನ ಕೆಲಸಕ್ಕೆ ಸಮಾನ ಕೂಲಿಯು ಅವಿವೇಕವೆಂಬದು ಕಾಲಕ್ಕೆ ನಿಲ್ಲದ ಮಾತು. ಇಂಗ್ಲಂಡವೇ 1970ರಲ್ಲಿ ಸಮಾನ ವೇತನದ ಕಾಯಿದೆಯನ್ನು ಮಾಡಿತು.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳುವೆನು. ಗಾರ್ಡಿಯನ್ನರ ಮಂಡಲಿಗಳು 1930ರಲ್ಲಿ ರದ್ದಾದವು. 1965ರಲ್ಲಿ ಪಾಪ್ಲರ್, ಸ್ಟೆಪ್ನಿ, ಬೆತ್ನಲ್ ಗ್ರೀನ್ ಮೂರೂ ಕೂಡಿ ಟವರ್ ಹ್ಯಾಮ್ಲೆಟ್ಸ್ ಎಂಬ ಒಂದೇ ಬರೋ ಆಯಿತು. ಅಂದು ಒಂದೇ ಹೋರಾಟದಲ್ಲಿ ಒಂದಾದ ಮೂರು ಪುರಸಭೆಗಳು ಇಂದು ಹೆಸರಿನಲ್ಲಿಯೂ ಒಂದಾಗಿವೆ. ಮನೆಪಟ್ಟಿಯ ಹಳೆಯ ಪದ್ಧತಿಯನ್ನು ಇಂಗ್ಲಂಡದಲ್ಲಿ 1990ರಲ್ಲಿ ತೆಗೆದುಹಾಕಿ ತಲೆಗಂದಾಯವನ್ನು ತಂದರು. ಜನರು ಅದನ್ನು ಪ್ರತಿಭಟಿಸಿದುದರಿಂದ 1993ರಲ್ಲಿ ಕೌನ್ಸಿಲ್ ಟ್ಯಾಕ್ಸು ಬಂದಿತು. ಸದಸ್ಯರ ಆಸ್ತಿಯ ಮೇಲೆ ಆಡಿಟರನು ದಂಡ ಹೊರಿಸುವ ಪದ್ಧತಿಗೆ 2000ದ ಕಾಯಿದೆಯು ಕೊನೆಗಾಣಿಸಿತು. ಹಳೆಯ ವೆಸ್ಟ್ ಇಂಡಿಯಾ ಡಾಕು 1980ರಲ್ಲಿ ಮುಚ್ಚಿತು. ಅಲ್ಲಿ ಈಗ ಕ್ಯಾನರಿ ವಾರ್ಫ್ ಎಂಬ ಬ್ಯಾಂಕುಗಳ ಗಗನಚುಂಬಿ ಸೌಧಗಳಿವೆ. ಆದರೂ ಅದೇ ಬರೋದಲ್ಲಿ ಮಕ್ಕಳ ಬಡತನವು ಆ ದೇಶದಲ್ಲಿಯೇ ಅತಿ ಹೆಚ್ಚಾಗಿರುವ ಕಡೆಗಳಲ್ಲೊಂದಾಗಿ ಉಳಿದಿದೆ.

ಪಾಪ್ಲರಿನ ವಂಶದಲ್ಲಿ ಎಲ್ಲರೂ ಸಂತರೇ ಹುಟ್ಟಿದರೆಂದು ಭಾವಿಸಬಾರದು. ಟವರ್ ಹ್ಯಾಮ್ಲೆಟ್ಸ್ ಬರೋಕ್ಕೆ 2010ರಿಂದ ಜನರೇ ನೇರವಾಗಿ ಆರಿಸುವ ಮೇಯರುಂಟು. 2014ರ ಅಂತಹ ಚುನಾವಣೆಯಲ್ಲಿ ಅಕ್ರಮ ನಡೆಯಿತೆಂದು ನಾಲ್ವರು ಸಾಮಾನ್ಯ ಮತದಾರರು ಅರ್ಜಿ ಹಾಕಿದರು. 2015ರಲ್ಲಿ ಚುನಾವಣಾ ನ್ಯಾಯಾಲಯವು ಆ ಆಯ್ಕೆಯನ್ನು ರದ್ದುಗೊಳಿಸಿತು. ಆಡಳಿತವನ್ನು ನೋಡಿಕೊಳ್ಳಲು ಸರಕಾರವು 2014ರ ಕೊನೆಯಲ್ಲಿಯೇ ಕಮಿಶನರರನ್ನು ಕಳಿಸಿದ್ದಿತು. 1921ರಲ್ಲಿ ಪುರಸಭೆಯು ಜನರಿಗಾಗಿ ಸರಕಾರದೊಡನೆ ಹೋರಾಡಿತು. 2015ರಲ್ಲಿ ಜನರು ಪುರಸಭೆಯ ಶುದ್ಧಿಗಾಗಿ ಹೋರಾಡಿದರು. ಎರಡೂ ಸ್ಥಳೀಯ ಸ್ವರಾಜ್ಯದ ರಕ್ಷಣೆಯೇ.

ಇನ್ನು ನಮ್ಮ ಮಾತು. ನಮ್ಮ ಮುನ್ಸಿಪಾಲಿಟಿಗಳಿಗೆ ಚುನಾಯಿತ ಸದಸ್ಯರು ಹೆಚ್ಚಿರಬೇಕೆಂದು ಲಾರ್ಡ್ ರಿಪನ್ನರು 1882ರಲ್ಲಿ ಠರಾವು ಹೊರಡಿಸಿದಾಗ ಅವರ ಕಣ್ಣ ಮುಂದೆ ಇದ್ದುದು ಇಂಗ್ಲಂಡದ ಮಾದರಿ. ಸಭೆ, ಕಮಿಟಿ, ಮನೆಪಟ್ಟಿ, ಆಡಿಟು ಎಲ್ಲವೂ ಬಂದಿತು. ಅವುಗಳ ಸಂಗಡ ಅಲ್ಲಿನ ದೋಷವೂ ಬಂದಿತು. ಸಾಹುಕಾರರ ಊರಿಗೆ ಬೀದಿಬೀದಿಗೆ ದೀಪ, ಬಡ ಊರಿಗೆ ಕತ್ತಲೆಯ ಮೇಲೆ ಪಟ್ಟಿ! 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ರಾಜ್ಯದ ಹಣಕಾಸಿನ ಆಯೋಗವು ರಾಜ್ಯದ ಆದಾಯವನ್ನು ಪುರಸಭೆಗಳೊಡನೆ ಹಂಚುವ ಕ್ರಮವನ್ನು ಸೂಚಿಸಬೇಕು ಎಂದು ವಿಧಿಸಿದೆ. ಪಾಪ್ಲರಿನವರು ತುರಂಗಕ್ಕೆ ಹೋಗಿ ಗೆದ್ದ ತತ್ತ್ವವು ನಮಗೆ ಸಂವಿಧಾನದಲ್ಲಿಯೇ ದೊರೆತಿದೆ. ದೊರೆತುದನ್ನು ಕೇಳಿ ಪಡೆಯುವದು ನಮ್ಮ ಕೆಲಸ. ನಿಮ್ಮ ಊರಿನ ಪುರಸಭೆಯ ಜಮಾಖರ್ಚಿನ ಪತ್ರಕವನ್ನು ನಿಮ್ಮಲ್ಲಿ ಎಷ್ಟು ಜನರು ಓದಿರುವಿರಿ?

ಕನ್ನಡಿಗರಿಗೆ ಈ ಪಾಠವು ಇನ್ನೂ ಒಂದು ಕಾರಣದಿಂದ ಹತ್ತಿರದ್ದು. 1956ರ ಮೊದಲು ನಮ್ಮ ನಾಡು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದಾಗ, ಮೈಸೂರು ಕೊಡಗುಗಳನ್ನು ಬಿಟ್ಟು ಉಳಿದ ಕನ್ನಡ ಜಿಲ್ಲೆಗಳೆಲ್ಲ ಯಾವದೋ ಪ್ರಾಂತದ ಅಂಚಿನಲ್ಲಿ ಬಿದ್ದಿದ್ದವು. ಏಕೀಕರಣಕ್ಕಾಗಿ ದುಡಿದ ಹಿರಿಯರು ಒಂದುಗೂಡೋಣ ಎಂದುದು ನಕಾಶೆಯ ಅಂದಕ್ಕಾಗಿ ಅಲ್ಲ. ಒಬ್ಬರ ಬರಗಾಲವನ್ನು ಎಲ್ಲರೂ ಹೊರಬೇಕೆಂದು. 1956ರ ನವೆಂಬರ 1ರಂದು ನಾಡು ಒಂದಾಯಿತು. 1973ರಲ್ಲಿ ಕರ್ನಾಟಕವೆಂಬ ಹೆಸರೂ ಬಂದಿತು. ಆದರೆ ಸೀಮೆಗಳು ಕೂಡಿದ ಮಾತ್ರಕ್ಕೆ ಭಾರವು ಸಮನಾಗದೆಂಬದನ್ನು ಲಂಡನ್ನಿನ ಕಥೆಯೇ ಹೇಳುವದು. ಅಲ್ಲಿ 28 ಬರೋಗಳೂ ಒಂದೇ ಪಟ್ಟಣದೊಳಗೆ ಇದ್ದವು. ಪಟ್ಟಣ ಒಂದೇ ಇದ್ದರೂ ಜೋಳಿಗೆಗಳು ಬೇರೆ ಇದ್ದವು. ಜೋಳಿಗೆಯನ್ನು ಕೂಡಿಸಿದ ದಿನವೇ ಲಂಡನ್ ನಿಜವಾಗಿ ಒಂದಾಯಿತು. ನಾಡಿನ ಹಿಂದುಳಿದ ತಾಲೂಕಿನ ಶಾಲೆಯ ಸೋರುವ ಮಾಡು ಮುಂದುವರಿದ ನಗರದವನ ನಿದ್ರೆಯನ್ನು ಕೆಡಿಸುವವರೆಗೆ ನಮ್ಮ ಏಕೀಕರಣವೂ ಅಪೂರ್ಣವೇ.

ಪಾಪ್ಲರ್ ಎಂಬ ಬರೋ ಇಂದು ಇಲ್ಲ. ಅದರ ಸೀಮೆಗಳು ಅಳಿದವು. ಆ ಮೂವತ್ತು ಜನರು ಮಾಡಿದ ಕೆಲಸ ಅಳಿಯಲಿಲ್ಲ. ಅವರು ಪುರಸಭೆಯ ಆಸನವನ್ನು ಮಾನದ ಪೀಠವೆಂದು ತಿಳಿಯದೆ, ಜನರಿಗಾಗಿ ಒತ್ತೆಯಿಟ್ಟ ತಮ್ಮ ದೇಹವೆಂದು ತಿಳಿದರು. ನಮ್ಮ ಊರುಗಳ ಮುಂದಿನ ಚುನಾವಣೆಯಲ್ಲಿ ಮತವನ್ನು ಕೇಳಲು ಬರುವವರಿಗೆ ನಾವು ಒಂದೇ ಪ್ರಶ್ನೆಯನ್ನು ಹಾಕೋಣ: ಈ ಊರಿನ ಅತ್ಯಂತ ಬಡ ಓಣಿಯ ಭಾರವನ್ನು ಊರೆಲ್ಲವೂ ಹೊರುವಂತೆ ನೀವು ಏನು ಮಾಡುವಿರಿ? ಇದಕ್ಕೆ ನೆಟ್ಟಗೆ ಉತ್ತರ ಕೊಡುವವನು ನಮ್ಮ ಪ್ರತಿನಿಧಿ.